ಒಂಬತ್ತು ಮನೆಯ ಬೆರಳು

ಬಸ್ಸಿನ ಕಂಬಿಯನ್ನು ಅಂಬಿಗ ಎಡಗೈಯಲ್ಲೇ ಹಿಡಿದಿದ್ದ, ಆದರೆ ನಾಲ್ಕೇ ಬೆರಳಲ್ಲಿ. ಉಂಗುರದ ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಬೆಳಿಗ್ಗೆಯಿಂದ ಅದು ಹಾಗೇ. ಹೆಂಡತಿ ಚಹಾ ಕೊಡುವಾಗ ನೋಡಿ, "ಬೆರಳಿಗೇನಾಯ್ತು, ಉಳುಕಿತಾ?" ಅಂದಿದ್ದಳು. ಅವನು ಹೂಂ ಅಂದ. ಅಷ್ಟಕ್ಕೆ ಅವಳು ಎಣ್ಣೆ ತಂದು ನೀವಲು ಕೂತುಬಿಟ್ಟಳು. ಆ ಬೆರಳಿನ ತುದಿಯಲ್ಲಿ ದೋಣಿಯ ಹಗ್ಗ ಸೀಳಿದ ಹಳೆಯ ಕಲೆಯೊಂದಿದೆ, ಓರೆಯಾಗಿ. ಅವಳ ಹೆಬ್ಬೆರಳು ಆ ಕಲೆಯ ಮೇಲೆ ಹೋಗಿ ಬಂದು ಮಾಡುತ್ತಿದ್ದಾಗ ಅವನಿಗೆ ಕೈ ಕಿತ್ತುಕೊಂಡು ಓಡಿಬಿಡಬೇಕು ಅನ್ನಿಸಿತು. "ಅಲ್ಲಿ ನನ್ನ ತಂಗಿ ಹೆಸರು ಹೇಳಿ," ಅಂದಳು ಅವಳು, ಬೆರಳನ್ನೇ ನೋಡುತ್ತಾ. "ಬರೀ ನದಿ, ದೋಣಿ ಅಂತ ಹೇಳಿ ಎದ್ದು ಬರಬೇಡಿ. ಅವಳ ಹೆಸರು ಅವರ ಕಿವಿಗೆ ಬೀಳ್ಬೇಕು." ಎಣ್ಣೆಗೆ ಬೆರಳು ಬಿಸಿಯಾಯಿತೇ ಹೊರತು ಬಿಚ್ಚಿಕೊಳ್ಳಲಿಲ್ಲ.

ಪಕ್ಕದಲ್ಲಿ ಆ ತಂಗಿಯ ಗಂಡ ಕೂತಿದ್ದ, ಅವನ ಷಡ್ಡಕ. ದರ್ಜಿ, ಆಚೆ ದಡದವನು. ತಾನೇ ಹೊಲಿದ ಬಟ್ಟೆಯ ಚೀಲದೊಳಗೆ ಅರ್ಜಿಯ ನಕಲು ಇಟ್ಟುಕೊಂಡು, ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. "ದೂರು ಕೊಟ್ಟಿರೋದು ಅಣೆಕಟ್ಟಿಗೆ ಸಾಲ ಕೊಟ್ಟ ಬ್ಯಾಂಕಿನ ಮೇಲೆ. ಕೇಳೋಕೆ ಬಂದಿರೋರು ಬ್ಯಾಂಕಿನೋರೇ. ಅತ್ತೆ ಮೇಲಿನ ಚಾಡೀನ ಅತ್ತೆ ಹತ್ರಾನೇ ಹೇಳ್ದಂಗಾಯ್ತಲ್ಲಣ್ಣ," ಎಂದು ನಕ್ಕ. ಹೆಂಡತಿ ಸತ್ತು ಹದಿನಾಲ್ಕು ತಿಂಗಳಾದ ಮೇಲೆ ದರ್ಜಿ ನಕ್ಕದ್ದನ್ನು ಅಂಬಿಗ ನೋಡಿದ್ದು ಇದೇ ಮೊದಲು. ಹೊಸ ಅಂಗಿ ಬೇರೆ ಹೊಲಿದುಕೊಂಡಿದ್ದ. ಗುಂಡಿಗಳೆಲ್ಲ ಒಂದೇ ಬಣ್ಣದವು. ಅವಳಿದ್ದಾಗ ಆ ಮನೆಯಲ್ಲಿ ಅಂಥ ಅಂಗಿ ಊರವರಿಗೆ ಮಾತ್ರ, ಇವನ ಮೈಮೇಲೆ ಮೂರು ಬಣ್ಣದ ಗುಂಡಿ. ಅರ್ಜಿಯಲ್ಲಿ ಇರುವುದು ಮೂರೇ ಮಾತು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಮುಂಚೆ ಸೈರನ್ ಕೂಗಬೇಕು. ಆಚೆ ದಡಕ್ಕೆ ಒಂದು ಕಾಲುಸೇತುವೆ ಆಗಬೇಕು. ಅವಳ ಸಾವು ಯಾರ ತಪ್ಪು ಅಂತ ಕಾಗದದ ಮೇಲೆ ಬರೆದುಕೊಡಬೇಕು. ಮೊದಲೆರಡು ಅರ್ಜಿ ಬರೆದುಕೊಟ್ಟ ಶಾಲೆಯ ಮೇಷ್ಟ್ರು ಸೇರಿಸಿದ್ದು. ಮೂರನೆಯದು ದರ್ಜಿಯದು. "ಅದೊಂದು ಬರ್ಕೊಟ್ರೆ ಸಾಕು ನಂಗೆ. ಚೌಕಟ್ಟು ಹಾಕ್ಸಿ ಮಿಷನ್ ಮೇಲೆ ತೂಗ್ಹಾಕ್ತೀನಿ. ನಾನೇ ಅಲ್ವಾ ಅವಳನ್ನ ಆವತ್ತು ಕಳಿಸಿದ್ದು," ಅಂದ. ಅಂಬಿಗ ಕಿಟಕಿಯ ಆಚೆ ನೋಡಿದ. ನಿನ್ನದಲ್ಲವೋ ತಪ್ಪು, ಎನ್ನುವ ಮಾತು ಗಂಟಲಿಗೆ ಬಂತು. ಹಾಗಂದರೆ ಮತ್ತೆ ಯಾರದು ಅಂತ ಇವನು ಕೇಳುತ್ತಾನೆ. ಬಸ್ಸು ಕುಲುಕಿತು. ನಾಲ್ಕು ಬೆರಳಿನ ಹಿಡಿತ ಜಾರಿ ಅವನ ಭುಜ ದರ್ಜಿಯ ಭುಜಕ್ಕೆ ಬಡಿಯಿತು.

ಅವಳು ಹೋದ ದಿನ ಮಳೆ ಇರಲಿಲ್ಲ. ಎಲ್ಲರೂ ಮೊದಲು ಹೇಳುವುದು ಇದನ್ನೇ. ಆಕಾಶದಲ್ಲಿ ಒಂದು ಚೂರು ಮೋಡವೂ ಇಲ್ಲದ ಮಧ್ಯಾಹ್ನ ಅದು, ನದಿಯಲ್ಲಿ ಪಾದ ಮುಳುಗುವಷ್ಟೇ ನೀರು. ಅಣೆಕಟ್ಟು ಕಟ್ಟಿದ ಮೇಲೆ ಇಷ್ಟೇ. ದೋಣಿ ತೇಲುವುದಿಲ್ಲ. ಅದೀಗ ಅವನ ಹಿತ್ತಲಲ್ಲಿ ಬೋರಲಾಗಿ ಬಿದ್ದಿದೆ, ಅದರಡಿ ಕೋಳಿ ಮೊಟ್ಟೆ ಇಡುತ್ತದೆ. ಜನ ನಡೆದೇ ದಾಟುತ್ತಾರೆ. ಪಟ್ಟಣದಲ್ಲಿ ಕರೆಂಟು ಜಾಸ್ತಿ ಬೇಕಾದಾಗ ಯಾರೋ ಎಲ್ಲೋ ಗುಂಡಿ ಒತ್ತುತ್ತಾರೆ, ಗೇಟು ತೆರೆಯುತ್ತದೆ, ಆಳುದ್ದದ ನೀರು ಸದ್ದಿಲ್ಲದೆ ಬರುತ್ತದೆ. ನಾದಿನಿ ಹೊಲಿದ ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ನಡುನದಿಯಲ್ಲಿದ್ದಳು. ಮೇಲಿನ ತಿರುವಿನಲ್ಲಿ ನೀರು ಕಂಡು ದಡದಿಂದ ಅಂಬಿಗ ಕೂಗಿದ. ಅವಳು ಕೈ ಬೀಸಿದಳು. ಭಾವ ಮಾತಾಡಿಸುತ್ತಿದ್ದಾರೆ ಅಂದುಕೊಂಡಳೇನೋ. ಮೂವತ್ತು ವರ್ಷ ನದಿಯಲ್ಲಿ ಜನರನ್ನು ದಾಟಿಸಿದ ಕೈ ಆವತ್ತು ದಡದಲ್ಲಿ ನಿಂತು ಬರಿದೇ ಗಾಳಿಯಲ್ಲಿ ಆಡಿತು. ಎರಡು ದಿನದ ಮೇಲೆ ಅವಳು ಕೆಳಗಿನ ತಿರುವಿನಲ್ಲಿ ಸಿಕ್ಕಳು. ಗಂಟು ಸಿಗಲಿಲ್ಲ. ಯಾರ ಯಾರದೋ ಅಳತೆಯ ಅಂಗಿಗಳು ಇಂದಿಗೂ ಯಾವುದೋ ಮರಳಿನಡಿ ಇರಬೇಕು.

ದೂರು ಕೇಳಲು ಗೊತ್ತುಮಾಡಿದ್ದ ಹೋಟೆಲಿನ ಸಭಾಂಗಣದಲ್ಲಿ ಹಲ್ಲು ಕಡಿಯುವಷ್ಟು ಚಳಿ. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ಇಷ್ಟು ಚಳಿ ಮಾಡಿಕೊಂಡು, ಆ ಚಳಿಗೆ ಕೋಟು ಹಾಕಿಕೊಂಡು ಕೂರುವ ಜನ. ಕೊಠಡಿ ತಣ್ಣಗಿಡುವ ಈ ಕರೆಂಟಿಗೆ ಯಾವ ಗೇಟು ತೆರೆದಿರಬಹುದು, ಈಗ ನಡುನದಿಯಲ್ಲಿ ಯಾರಿರಬಹುದು ಎಂದುಕೊಂಡ. ಬಾಗಿಲಲ್ಲೇ ಒಬ್ಬಳು ದಾರ ಕಟ್ಟಿದ ಚೀಟಿಯನ್ನು ಅವನ ಕೊರಳಿಗೆ ಹಾಕಿದಳು. ಏನು ಬರೆದಿದೆ ಅಂತ ದರ್ಜಿಯನ್ನು ಕೇಳಿದ. "ನಂಗೂ ಅದೇ ಹಾಕವ್ರೆ. ಇಬ್ರಿಗೂ ಒಂದೇ ಹೆಸರಂತೆ. ಫಲಾನುಭವಿ." ದರ್ಜಿ ಕೊರಳಿನ ದಾರ ಎಳೆದು ನೋಡಿ, "ಹೊಲಿಗೆ ನೆಟ್ಟಗಿಲ್ಲ," ಅಂದ. ಮೇಜಿನ ಈ ತುದಿಯಲ್ಲಿ ಮುಚ್ಚಳವಿದ್ದ ನೀರಿನ ಬಾಟಲಿಗಳು, ಆ ತುದಿಯಲ್ಲಿ ಹಾಜರಿ ಹಾಳೆ, ಅದರ ಪಕ್ಕ ಮಸಿಯ ಡಬ್ಬಿ. ಚಪ್ಪಟೆಯಾದ, ನೀಲಿ ಮಸಿಯ ತಗಡಿನ ಡಬ್ಬಿ. ಅಂಬಿಗನ ಕಣ್ಣು ಅದರ ಮೇಲೆ ಬಿದ್ದದ್ದೇ ಮಡಚಿದ ಬೆರಳು ಇನ್ನಷ್ಟು ಒಳಕ್ಕೆ ಸರಿಯಿತು.

ಬ್ಯಾಂಕಿನವರು ಇಬ್ಬರು. ಬಿಳಿಗೂದಲ ಹೆಂಗಸು ನಡುವೆ. ಅವಳ ಪಕ್ಕ ಕಂಪ್ಯೂಟರಿನ ಮುಂದೆ ಕನ್ನಡಕದವನು. ಇನ್ನೊಂದು ಕುರ್ಚಿ ಖಾಲಿ ಇತ್ತು, ಅದರ ಮುಂದೆ ಹೆಸರಿನ ಹಲಗೆ ಮಾತ್ರ. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸಲು ಒಬ್ಬಳು ದುಭಾಷಿ. ನಡುವಯಸ್ಸು, ಮುಖದಲ್ಲಿ ಆಯಾಸ. "ಕೂತ್ಕೊಳ್ಳಿ ಯಜಮಾನ್ರೇ," ಅಂದಳು. "ಆ ಮಾತು ಬೇಡಮ್ಮ. ಅಂಬಿಗ ಅನ್ನು," ಅಂದ ಅವನು, ತನಗೇ ಗೊತ್ತಿಲ್ಲದಷ್ಟು ಗಟ್ಟಿಯಾಗಿ. ಅವಳು ಬೆಚ್ಚಿದಳು. ಅವಳ ತಪ್ಪೇನಿಲ್ಲ. ಐದು ವರ್ಷದ ಹಿಂದೆ ಆ ಮಾತಿಗೇ ಅವನು ಬಿದ್ದುಹೋಗಿದ್ದ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಅಣೆಕಟ್ಟು ಕಟ್ಟುವ ಕಂಪನಿಯ ಸಾಹೇಬ ಬಂದವನೇ, "ಯಜಮಾನ್ರೇ, ನೀವು ಕುರ್ಚಿ ಮೇಲೆ ಕೂತ್ಕೊಳ್ಳಿ," ಅಂದ. ಊರೆಲ್ಲ ನೆಲದಲ್ಲಿ ಕೂತಿತ್ತು. ಅವನಿಗೆ ಕುರ್ಚಿ. ಚಿತ್ರದ ಹಲಗೆ ತೋರಿಸಿ ಸಾಹೇಬ ಏನೇನೋ ಓದಿದ, ನೀರು, ಬೆಳಕು, ಅಭಿವೃದ್ಧಿ. ಸಂಜೆಯಾಗುತ್ತಾ ಬಂದಾಗ ಈ ದಡದ ಎಲ್ಲ ಮನೆಯ ಬೆರಳೂ ಹಾಳೆಯ ಮೇಲಿತ್ತು. ಆಚೆ ದಡದ್ದು ಒಂದೂ ಇಲ್ಲ. ಆವತ್ತು ಗಾಳಿ ಜೋರಿತ್ತು, ಅವನು ದೋಣಿ ಬಿಟ್ಟಿರಲಿಲ್ಲ. "ಆಚೆ ಒಂಬತ್ತು ಮನೆ ಬಾಕಿ ಇದೆ ಯಜಮಾನ್ರೇ. ಎಲ್ಲ ಮನೇದೂ ಇರ್ಬೇಕು ಅಂತ ಬ್ಯಾಂಕಿನೋರ ಕಟ್ಟಳೆ. ಇಲ್ದಿದ್ರೆ ಸಭೇನೇ ಆಗಿಲ್ಲ ಅಂತಾರೆ. ಬಂದಿದ್ದಕ್ಕೆ ಗುರುತು ಅಷ್ಟೇ," ಅಂದ ಸಾಹೇಬ. ಅಂಬಿಗ ನಕ್ಕ. ಅಷ್ಟೇನಾ ಅಂದ.

ಯಾಕೆಂದರೆ ಬೆರಳು ಹಾಕುವುದು ಅವನ ಕಸುಬಿನಲ್ಲೇ ಇತ್ತು. ಅಂಚೆಯವನಿಗೆ ನೀರೆಂದರೆ ಭಯ. ಆಚೆ ದಡಕ್ಕೆ ಬಂದ ಕಾಗದ, ಪಾರ್ಸಲ್ಲು, ಔಷಧಿ ಎಲ್ಲವನ್ನೂ ಅಂಬಿಗನ ಕೈಗೆ ಕೊಟ್ಟು, ಪುಸ್ತಕದಲ್ಲಿ ಅವನ ಬೆರಳೊತ್ತಿಸಿಕೊಂಡು ಸೈಕಲ್ಲು ತಿರುಗಿಸುತ್ತಿದ್ದ. ಓದಲು ಬಾರದ ಅಂಬಿಗ ಯಾವ ಮನೆಗೆ ಏನು ಬಂತೆಂದು ನೆನಪಿಟ್ಟುಕೊಳ್ಳಲು ಒಂದು ಉಪಾಯ ಮಾಡಿದ್ದ. ಬಲಗೈ ಹೆಬ್ಬೆರಳು ಅವನದೇ. ಉಳಿದ ಒಂಬತ್ತು ಬೆರಳು ಒಂಬತ್ತು ಮನೆಗೆ. ಬಲಗೈ ಕಿರುಬೆರಳು ಕುಂಬಾರನ ಮನೆ. ಎಡ ಹೆಬ್ಬೆರಳು ಕುಂಟಜ್ಜಿಯದು. ದಾಟುವಾಗ ಬೆರಳಿಗೆ ಹತ್ತಿದ ಮಸಿ ನೋಡಿಕೊಂಡರೆ ಇಂಥವರ ಮನೆಗೆ ಹೋಗಬೇಕು ಅಂತ ತಿಳಿಯುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಲಕೋಟೆಯೂ ತಪ್ಪಿರಲಿಲ್ಲ. ನಾದಿನಿ ಮದುವೆಯಾಗಿ ಆಚೆ ದಡಕ್ಕೆ ಹೋದ ಹೊಸತರಲ್ಲಿ, "ಭಾವ, ನಮ್ಮನೆಗೆ ಯಾವ ಬೆರಳು?" ಅಂತ ಕೇಳಿದ್ದಳು. ಎಡಗೈಯ ಉಂಗುರದ ಬೆರಳು ಅಂದ. "ಉಂಗುರ ಎಲ್ಲಿ ಮತ್ತೆ? ನಮ್ಮಕ್ಕನಿಗೇ ಹಾಕಿಸಿಲ್ಲ, ನಿಮಗೆಲ್ಲಿಂದ ಬರ್ಬೇಕು!" ದೋಣಿಯಲ್ಲಿದ್ದವರೆಲ್ಲ ನಕ್ಕಿದ್ದರು. ಅದೇ ಲೆಕ್ಕದಲ್ಲಿ ಆವತ್ತು ಶಾಮಿಯಾನದಡಿ, ಕುರ್ಚಿಯ ಮೇಲೆ ಕೂತುಕೊಂಡು, ಒಂಬತ್ತು ಹೆಸರಿನ ಮುಂದೆ ಒಂಬತ್ತು ಬೆರಳು ಒತ್ತಿದ. ಸಾಹೇಬ ಬೆನ್ನು ತಟ್ಟಿದ. ಸಂಜೆ ಗಾಳಿ ನಿಂತ ಮೇಲೆ ದೋಣಿಯಲ್ಲಿ ಆಚೆಗೆ ಹೋದಾಗ ಬೆರಳೆಲ್ಲ ನೀಲಿ. ಆದರೆ ಕೈಯಲ್ಲಿ ಕೊಡುವಂಥದ್ದು ಏನೂ ಇಲ್ಲ. ಏನು ಹೇಳಬೇಕೆಂದು ತೋಚಲಿಲ್ಲ. ನದಿಯಲ್ಲಿ ಕೈ ತೊಳೆದುಕೊಂಡು ವಾಪಸು ಬಂದ. ಬೆರಳು ಒತ್ತಿ ಮುಟ್ಟಿಸದೆ ಬಂದದ್ದು ಅದೊಂದೇ ಸಲ.

ದರ್ಜಿ ಮಾತಾಡುತ್ತಿದ್ದ. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತು, ಹೆಂಡತಿ ಆ ದಿನ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಗಂಟಿನಲ್ಲಿ ಎಷ್ಟು ಅಂಗಿ ಇದ್ದವು ಎನ್ನುವುದನ್ನೇ ಹೇಳುತ್ತಿದ್ದ. ಬಿಳಿಗೂದಲಿನವಳು ತಲೆಯಾಡಿಸಿದಳು. ಅವಳ ಕಣ್ಣು ಒದ್ದೆಯೇ ಆಯಿತು. ಆಮೇಲೆ ಕನ್ನಡಕದವನ ಕಡೆ ನೋಡಿದಳು. ಅವನು ಚೀಲದಿಂದ ಪ್ಲಾಸ್ಟಿಕ್ಕಿನೊಳಗಿದ್ದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ದುಭಾಷಿ ಹೇಳಿದಳು, "ಅವರಿಗೆ ತುಂಬಾ ಬೇಜಾರಾಗಿದೆಯಂತೆ. ಆದ್ರೆ ನೀರು ಯಾವ ಹೊತ್ತಲ್ಲಾದ್ರೂ ಬರಬಹುದು, ನದಿಗೆ ಇಳಿಯೋದು ಅಪಾಯ ಅಂತ ಎರಡೂ ದಡದ ಎಲ್ಲ ಮನೆಯವರಿಗೂ ಮೊದಲೇ ತಿಳಿಸಿ, ಒಪ್ಪಿಗೆ ತಗೊಂಡಿದಾರಂತೆ. ಒಪ್ಪಿಗೆ ಇದ್ರೆ ದೂರು ಮುಂದೆ ಹೋಗಲ್ಲ. ಬ್ಯಾಂಕು ಇದನ್ನ ನೋಡಿಯೇ ಸಾಲ ಕೊಟ್ಟಿದ್ದು." ಸ್ವಲ್ಪ ತಡೆದು, ದನಿ ತಗ್ಗಿಸಿ, "ನಿಮ್ಮ ಮನೆಯವರ ಬೆರಳೂ ಇದೆ ಇದರಲ್ಲಿ," ಅಂದಳು.

ದರ್ಜಿ ನಕ್ಕುಬಿಟ್ಟ. "ಯಾರ್ದು? ನನ್ನ ಹೆಂಡ್ತೀದಾ? ಅವಳು ಆವತ್ತು ನದಿ ದಾಟೇ ಇಲ್ಲ. ಜ್ವರದಲ್ಲಿ ಮಲಗಿದ್ಲು. ಸುಳ್ಳು." ಕನ್ನಡಕದವನು ಹಾಳೆಯನ್ನು ಅವನ ಮುಂದೆ ತಳ್ಳಿ ಒಂದು ಕಡೆ ಬೆರಳಿಟ್ಟು ತೋರಿಸಿದ. ಹೆಸರು, ಅದರ ಮುಂದೆ ನೀಲಿ ಮುದ್ರೆ. ದರ್ಜಿ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿನ ಹತ್ತಿರ ತಂದ. ಬಟ್ಟೆಯಲ್ಲಿ ನೂಲು ಹುಡುಕುವವನ ಹಾಗೆ ನೋಡಿದ. ಅಂಬಿಗ ಅವನ ಮುಖವನ್ನೇ ನೋಡುತ್ತಿದ್ದ. ನಗು ಮೊದಲು ಕಣ್ಣಿಂದ ಹೋಯಿತು, ಆಮೇಲೆ ಬಾಯಿಂದ. ಅದರ ಜಾಗದಲ್ಲಿ ಬಂದದ್ದು ಸಿಟ್ಟಾಗಿದ್ದರೆ ಅಂಬಿಗ ಇನ್ನೂ ಸುಮ್ಮನೆ ಕೂತಿರುತ್ತಿದ್ದನೋ ಏನೋ. ಬಂದದ್ದು ಅನುಮಾನ. ಸತ್ತ ಹೆಂಡತಿಯ ಮೇಲೆ. ದರ್ಜಿ ಮೆಲ್ಲಗೆ ಇತ್ತ ತಿರುಗಿದ. "ಅಣ್ಣ, ನಂಗೆ ಹೇಳ್ದೆ ಬಂದಿದ್ಲಾ ಅವಳು? ಬೆರಳೊತ್ತಿ, ನೀರು ಬರೋದು ಗೊತ್ತಿದ್ದೂ, ನಂಗೆ ಹೇಳ್ಲಿಲ್ವಾ? ನೀನೇ ಹೇಳು. ನಿನ್ನ ದೋಣಿ ಬಿಟ್ರೆ ದಾಟೋಕೆ ಬೇರೆ ದಾರಿ ಎಲ್ಲಿತ್ತು?"

ಬಂದಿದ್ದಳು ಅಂದರೆ ಮುಗಿಯಿತು. ಅವಳು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ಹೆಂಡತಿ ನಾಳೆಯೂ ಎಣ್ಣೆ ಹಚ್ಚುತ್ತಾಳೆ. ಬಿಳಿಗೂದಲಿನವಳು ಕರುಣೆಯಿಂದ ಕಾಯುತ್ತಿದ್ದಳು. ಆ ಕರುಣೆಯೇ ಅವನ ತಲೆಗೆ ಏರಿತು. ಇವಳಿಗೆ ಒಂದು ಸಲ ನದಿಗೆ ಬಂದು ನೋಡಲು ಆಗಲಿಲ್ಲ. ಆಚೆ ದಡದ ಒಂದು ಬಾಗಿಲು ತಟ್ಟಿ, ಅಮ್ಮಾ ಈ ಬೆರಳು ನಿನ್ನದೇನು ಅಂತ ಕೇಳಲು ಆಗಲಿಲ್ಲ. ಒಂಬತ್ತು ಮುದ್ರೆ ಒಂಬತ್ತು ಆಕಾರದಲ್ಲಿ, ಚಿಕ್ಕದು ದೊಡ್ಡದು, ಸಾಲಾಗಿ ಒಬ್ಬನದೇ ಎರಡು ಕೈಯ ಬೆರಳು ಹರಡಿದ ಹಾಗೆ ಕೂತಿವೆ. ಯಾವ ಕುರುಡನಿಗೂ ಕಾಣಬೇಕು. ನೋಡಲು ಮನಸ್ಸಿದ್ದರೆ. ಸಮುದ್ರದಾಚೆ ಕೂತು ನದಿ ಕೊಳ್ಳಲು ದುಡ್ಡು ಕೊಟ್ಟವರು, ಒಬ್ಬ ಅಂಬಿಗನ ಎರಡು ಕೈಯನ್ನು ಒಂದು ಊರು ಅಂದುಕೊಂಡರು. ಅಂದುಕೊಂಡದ್ದಲ್ಲ, ಅಂದುಕೊಳ್ಳಲು ಅವರಿಗೆ ಅನುಕೂಲವಾಗಿತ್ತು. ತಾನು ಕುರ್ಚಿಗೆ ಬಿದ್ದ. ಇವರು ಬಿದ್ದದ್ದು ಯಾವುದಕ್ಕೆ?

"ಇಲ್ಲ ಕಣೋ. ಅವಳು ಬಂದಿರಲಿಲ್ಲ," ಅಂದ. ಎದ್ದು ಮೇಜಿನ ಆ ತುದಿಗೆ ನಡೆದ. ಮಸಿಯ ಡಬ್ಬಿಯ ಮುಚ್ಚಳ ತೆಗೆದ. ಬೆಳಿಗ್ಗೆಯಿಂದ ಬಿಚ್ಚದಿದ್ದ ಬೆರಳು ತಾನಾಗಿ ಬಿಚ್ಚಿಕೊಂಡಿತು. ಬಲ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಒಂಬತ್ತನ್ನೂ ಮಸಿಗೆ ಒತ್ತಿ, ಅಲ್ಲಿದ್ದ ಬಿಳಿ ಹಾಳೆಯ ಮೇಲೆ ಒಂದೊಂದಾಗಿ ಇಟ್ಟ. ಇಡುತ್ತಾ ಹೇಳಿದ: ಕುಂಬಾರ, ಕುಂಟಜ್ಜಿ, ಮೀನಿನವಳು, ಬಡಗಿ. ಎಡಗೈ ಉಂಗುರದ ಬೆರಳು ಇಡುವಾಗ ನಾದಿನಿಯ ಹೆಸರು ಹೇಳಿದ. ಹೆಂಡತಿ ಹೇಳಿದ್ದಳಲ್ಲ, ಪೂರಾ ಹೆಸರು ಹೇಳಿದ, ಎರಡು ಸಲ. ಹಾಳೆಯನ್ನು ತಂದು ಪ್ಲಾಸ್ಟಿಕ್ಕಿನ ಹಾಳೆಯ ಪಕ್ಕ ಇಟ್ಟ. ಇದರಲ್ಲೂ ಅದರಲ್ಲೂ ಅವಳ ಹೆಸರಿನ ಮುದ್ರೆಯ ನಡುವೆ ಓರೆಯಾದ ಒಂದೇ ಬಿಳಿ ಗೆರೆ. "ಒತ್ತಿದ್ದು ನಾನು. ಓದಿಸಿ ಕೇಳದೆ ಒತ್ತಿದೆ. ಅವರಿಗೆ ಹೇಳಲಿಲ್ಲ. ಬರ್ಕೊಳ್ಳಿ."

ದರ್ಜಿ ಎರಡು ಹಾಳೆಯನ್ನೂ ನೋಡಿದ, ಅಂಬಿಗನ ಕೈ ನೋಡಿದ, ಮುಖ ನೋಡಲಿಲ್ಲ. ಆಮೇಲೆ ಕುರ್ಚಿಯನ್ನು ಒಂದು ಮೊಳ ದೂರಕ್ಕೆ ಎಳೆದುಕೊಂಡು ಕೂತ. ಆ ಸದ್ದು ಅಂಬಿಗನ ಎದೆಯಲ್ಲಿ ಗೀರಿತು.

ಕನ್ನಡಕದವನು ಬಿಳಿಗೂದಲಿನವಳ ಕಿವಿಯಲ್ಲಿ ಏನೋ ಹೇಳಿದ. ದುಭಾಷಿ ಅದನ್ನು ದಾಟಿಸುವ ಮೊದಲು ತುಟಿ ಕಚ್ಚಿಕೊಂಡಳು. "ಹಾಗಾದ್ರೆ ಮೋಸ ಆಗಿರೋದು ನಿಮ್ಮ ಊರಿನವರಿಂದ್ಲೇ ಅಂತಿದಾರೆ. ಬ್ಯಾಂಕು ನಂಬಿ ದುಡ್ಡು ಕೊಟ್ಟಿದೆ, ಬ್ಯಾಂಕಿಗೂ ಮೋಸ ಆಗಿದೆ. ನಿಮ್ಮ ಮೇಲೆ ಕೇಸೂ ಆಗಬಹುದು. ಇದನ್ನ ಇಲ್ಲಿಗೇ ಬಿಟ್ರೆ ನಿಮಗೇ ಒಳ್ಳೇದು, ಅಂತ." ಹೇಳುತ್ತಿದ್ದಂತೆ ಕನ್ನಡಕದವನು ಪ್ಲಾಸ್ಟಿಕ್ಕಿನ ಹಾಳೆಯನ್ನು ಚೀಲದೊಳಗೆ ವಾಪಸು ಇಡಲು ಕೈ ಚಾಚಿದ. ಅಂಬಿಗ ಅದರ ಮೇಲೆ ಅಂಗೈ ಊರಿದ. ಹುಟ್ಟು ಹಾಕಿ ಹಾಕಿ ಗಟ್ಟಿಯಾದ ಕೈ. ಅವನು ಎಳೆದ, ಬರಲಿಲ್ಲ. "ಕೇಸು ಹಾಕ್ಲಿ. ಜೈಲಲ್ಲಿ ಸೈರನ್ ಆದ್ರೂ ಕೂಗುತ್ತೆ. ಈ ಹಾಳೆ ಇಲ್ಲೇ ಇರ್ಲಿ. ಎರಡನ್ನೂ ಒಟ್ಟಿಗೆ ಇಟ್ಕೊಂಡು, ನಾನು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಳ್ಳಿ ಅನ್ನಮ್ಮ. ಬರ್ದು ಓದಿ ಹೇಳ್ಲಿ. ಓದಿ ಹೇಳೋವರೆಗೂ ಕೈ ತೆಗೆಯಲ್ಲ." ದುಭಾಷಿ ಎಲ್ಲವನ್ನೂ ದಾಟಿಸಿದಳು. ಒಂದು ಮಾತೂ ಬಿಡಲಿಲ್ಲವೆಂದು ಅವಳ ದನಿಯಿಂದಲೇ ತಿಳಿಯಿತು. ಕನ್ನಡಕದವನು ಟೈಪು ಮಾಡಿದ. ಅವಳು ಓದಿ ಹೇಳಿದಳು. ಜ್ವರದಲ್ಲಿ ಮಲಗಿದ್ದವಳ ಹೆಸರು ಅದರಲ್ಲಿತ್ತು. ಅಂಬಿಗ ಕೈ ತೆಗೆದ.

ಕೊನೆಗೆ ಹಾಜರಿ ಹಾಳೆ ಸುತ್ತಿ ಬಂತು. ಬಿಳಿಗೂದಲಿನವಳು ತನ್ನ ಸಹಿ ಮಾಡಿ, ಖಾಲಿ ಕುರ್ಚಿಯವನ ಹೆಸರಿನ ಮುಂದೆ ಮತ್ತೊಂದು ಸಹಿ ಮಾಡಿದಳು. ಅಂಬಿಗನಿಗೆ ಓದಲು ಬರುವುದಿಲ್ಲ, ಪೆನ್ನು ಎರಡು ಸಲ ಇಳಿದದ್ದು ಕಾಣುತ್ತದೆ. "ಎರಡನೇದು ಯಾರ್ದಮ್ಮಾ?" ಅಂತ ಕೇಳಿದ. ದುಭಾಷಿ ಕೇಳಿ ಹೇಳಿದಳು, "ಅವರ ಮೇಲಿನವರದು. ಬರೋಕಾಗಲಿಲ್ಲವಂತೆ. ಅವರ ಪರವಾಗಿ." ಅಂಬಿಗ ಮೇಜಿನ ಮೇಲೆ ಬಗ್ಗಿ, ನೇರ ಆ ಹೆಂಗಸಿನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. "ಒತ್ತಮ್ಮ. ತಪ್ಪಲ್ಲ. ನಾನೂ ಮೂವತ್ತು ವರ್ಷ ಒತ್ತಿದೀನಿ. ಆದ್ರೆ ಒತ್ತಿದ ಮೇಲೆ ಆ ಬಾಗಿಲಿಗೆ ಹೋಗ್ಬೇಕು. ಇವತ್ತು ಇಲ್ಲಿ ಕೇಳಿದ್ದನ್ನ ಅವನ ಮನೆ ಬಾಗಿಲಿಗೆ ಹೋಗಿ ಹೇಳ್ಬೇಕು. ಒಂದೇ ಒಂದು ಸಲ ನಾನು ಹೋಗ್ಲಿಲ್ಲ. ಏನಾಯ್ತು ಅಂತ ಕೇಳಿದ್ಯಲ್ಲ." ಅವಳು ದುಭಾಷಿಯ ಕಡೆ ನೋಡಿದಳು. ದುಭಾಷಿ ಮಾತು ದಾಟಿಸುತ್ತಿರುವಾಗ ಬಿಳಿಗೂದಲಿನವಳ ಕುತ್ತಿಗೆ ಕೆಂಪಾಗುತ್ತಾ ಬಂತು. ಅಂಬಿಗನ ಮುಂದೆ ಹಾಳೆ ಬಂದಾಗ ಅವನು ಬಲ ಹೆಬ್ಬೆರಳೊಂದನ್ನೇ ಒತ್ತಿದ. ಯಾರೋ ಕೈ ಒರೆಸಲು ಮೆತ್ತನೆಯ ಬಿಳಿ ಕಾಗದ ಕೊಟ್ಟರು. ಅವನು ಒರೆಸಿಕೊಳ್ಳಲಿಲ್ಲ.

ಬಸ್ಸಿನಲ್ಲಿ ದರ್ಜಿ ಬೇರೆ ಸೀಟಿನಲ್ಲಿ ಕೂತ. ಊರಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಹೆಂಡತಿ ನದಿಯ ದಾರಿಯಲ್ಲೇ ಕಾಯುತ್ತಿದ್ದಳು. "ಹೇಳಿದ್ರಾ ಅವಳ ಹೆಸರು?" ಅವನು ಹೇಳಿದೆ ಅಂದ, ನೀಲಿ ಕೈ ಚಾಚಿ ಉಳಿದದ್ದನ್ನೂ ಹೇಳಿದ. ನಿಂತಲ್ಲೇ, ಮೊದಲಿನಿಂದ. ಅವಳು ಆ ಬೆರಳನ್ನು ಬಹಳ ಹೊತ್ತು ನೋಡಿದಳು. "ಬೆಳಿಗ್ಗೆ ಎಣ್ಣೆ ಹಚ್ಚಿದ್ನಲ್ಲ," ಅಂದಳು. ಅಷ್ಟೇ. ಸೆರಗಿನಿಂದ ತನ್ನ ಕೈಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡಳು. ಆಮೇಲೆ ನದಿಯ ಕಡೆ ಮುಖ ಮಾಡಿ, "ನಂಗೊಬ್ಬಳಿಗೇ ಹೇಳಿದ್ರೆ ಆಯ್ತಾ? ಹೋಗಿ, ಅವರಿಗೆಲ್ಲ ಹೇಳಿ ಬನ್ನಿ," ಅಂದಳು.

ದರ್ಜಿ ಆಗಲೇ ನೀರಿಗಿಳಿದಿದ್ದ. ಹೊಸ ಅಂಗಿಯನ್ನು ಬಿಚ್ಚಿ ಅರ್ಜಿಯ ಚೀಲದೊಳಗೆ ತುರುಕಿ ತಲೆಯ ಮೇಲಿಟ್ಟುಕೊಂಡಿದ್ದ. ಅಂಬಿಗ ಹಿಂದೆ ಇಳಿದ. ನಡುವೆ ಒಂದು ಕಡೆ ಗುಂಡಿ, ನೀರು ಸೊಂಟಕ್ಕೆ ಬರುತ್ತದೆ. ದರ್ಜಿ ಅಲ್ಲಿ ನಿಂತ, ತಿರುಗಲಿಲ್ಲ. "ಮೊದ್ಲು ಯಾರ ಮನೆ?" ಅಂತ ಕೇಳಿದ.

"ಕುಂಟಜ್ಜಿದು. ಆಮೇಲೆ ಕುಂಬಾರಂದು."

"ನಮ್ಮನೆಗೆ ಕೊನೇಲಿ ಬಾ."

ಎರಡೂ ಕೈ ಮೇಲೆತ್ತಿಕೊಂಡು, ಮಸಿಗೆ ನೀರು ತಾಗದ ಹಾಗೆ, ಅಂಬಿಗ ಗುಂಡಿಗೆ ಇಳಿದ. ನೀರು ಬರುವ ಮೇಲಿನ ತಿರುವಿನ ಕಡೆಗೆ ಒಂದು ಕಣ್ಣು ಇಟ್ಟುಕೊಂಡೇ ನಡೆದ.